ಹೊಲಿದವರ ಪಾಲು

ಜಪಾನಿನ ಇಬಾರಾಕಿ ಪ್ರಾಂತದಲ್ಲಿ ಶಿಮೊತ್ಸುಮಾ ಎಂಬ ಊರಿದೆ. ಸುತ್ತ ಗದ್ದೆ ಬಯಲು. ನೊವಾಲಾ ತಾಕೆಮೊತೊ 2002ರಲ್ಲಿ ಬರೆದ, ತೆತ್ಸುಯಾ ನಕಾಶಿಮಾ 2004ರಲ್ಲಿ ಸಿನಿಮಾ ಮಾಡಿದ ‘ಶಿಮೊತ್ಸುಮಾ ಮೊನೊಗತಾರಿ’ಯ ನಾಯಕಿ ಮೊಮೊಕೊ ಅಲ್ಲಿ ವಾಸಿಸುವ ಹುಡುಗಿ. ಊರವರೆಲ್ಲ ಒಂದೇ ಸೂಪರ್‌ಮಾರ್ಕೆಟ್ಟಿನಲ್ಲಿ ಬಟ್ಟೆ ಕೊಂಡು ತೃಪ್ತರಾಗಿರುವಾಗ ಇವಳೊಬ್ಬಳು ಲೇಸಿನ ಅಂಚು, ಗುಂಡಗೆ ಉಬ್ಬಿದ ಲಂಗ, ರಿಬ್ಬನ್ನಿನ ಟೊಪ್ಪಿಗೆ ತೊಟ್ಟು ಗದ್ದೆಗಳ ನಡುವಿನ ದಾರಿಯಲ್ಲಿ ನಡೆಯುತ್ತಾಳೆ. ಆ ಉಡುಪಿಗಾಗಿ ಗಂಟೆಗಟ್ಟಲೆ ರೈಲಿನಲ್ಲಿ ಕೂತು ಟೋಕಿಯೋದ ದೈಕನ್ಯಾಮಾಕ್ಕೆ ಹೋಗುತ್ತಾಳೆ. ಕಥೆ ಕಲ್ಪನೆ, ಅಂಗಡಿ ನಿಜ. ‘ಬೇಬಿ, ದ ಸ್ಟಾರ್ಸ್ ಶೈನ್ ಬ್ರೈಟ್’ ಎಂಬ ಆ ಅಂಗಡಿಯನ್ನು ಅಕಿನೊರಿ ಇಸೊಬೆ ತಮ್ಮ ಪತ್ನಿಯೊಂದಿಗೆ 1988ರಲ್ಲಿ ಆರಂಭಿಸಿದರು. ಲೋಲಿಟಾ ಫ್ಯಾಷನ್ ಎಂದು ಹೆಸರಾದ ಉಡುಪಿನ ರೀತಿಯನ್ನು ಕಟ್ಟಿದ ನಾಲ್ಕಾರು ಅಂಗಡಿಗಳಲ್ಲಿ ಅದೂ ಒಂದು. ಹೆಸರು ಕೇಳಿ ನಬಕೋವ್ ಕಾದಂಬರಿಯನ್ನು ನೆನೆಯಬೇಕಿಲ್ಲ. ಇದು ಕತ್ತಿನಿಂದ ಮೊಣಕಾಲಿನವರೆಗೆ ಮುಚ್ಚುವ, ಹಳೆಯ ಯುರೋಪಿನ ಮಕ್ಕಳ ಉಡುಪಿನಿಂದಲೂ ಗೊಂಬೆಗಳಿಂದಲೂ ಪ್ರೇರಣೆ ಪಡೆದ, ಹೆಣ್ಣುಮಕ್ಕಳು ತಮ್ಮ ಖುಷಿಗೆ ತಾವೇ ಕಟ್ಟಿಕೊಂಡ ಉಡುಗೆ.

ಇಂದು ಅಂಥ ಹುಡುಗಿ ಯಾವ ದೇಶದಲ್ಲಿಯೂ ಇರಬಹುದು, ರೈಲು ಹಿಡಿಯಬೇಕಾಗಿಲ್ಲ. ಫೋನಿನಲ್ಲಿ ಅಂಗಡಿ ತೆರೆದುಕೊಳ್ಳುತ್ತದೆ. ಜಪಾನಿನ ಲೋಲಿಟಾ, ಬ್ರಿಟನ್ನಿನ ಕಪ್ಪು ಗಾಥಿಕ್ ಮತ್ತು ಹರಕು ಪಂಕ್ ಉಡುಪು, ಪೋಲೆಂಡಿನ ಕಪ್ಪು ಟೋಪಿಗಳು, ಸ್ಪೇನಿನ ಯೆಕ್ಲಾ ಊರಿನಲ್ಲಿ ತಯಾರಾಗುವ ಲೋಹದ ಪಟ್ಟಿಯ ‘ನ್ಯೂ ರಾಕ್’ ಬೂಟು, ಇವೆಲ್ಲ ಹೊರದೇಶದ ಆನ್‌ಲೈನ್ ಅಂಗಡಿಗಳಿಂದ ಪಾರ್ಸೆಲ್ ಆಗಿ ಮನೆ ಬಾಗಿಲಿಗೆ ಬರುತ್ತವೆ. ಇದನ್ನು ಹುಚ್ಚು ಖರ್ಚು ಎನ್ನುವವರಿದ್ದಾರೆ. ಪರದೇಶದ ಅನುಕರಣೆ ಎಂದು ಮೂಗು ಮುರಿಯುವವರಿದ್ದಾರೆ. ತರಿಸುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ನಿಲುವು. ಕೊಟ್ಟ ಹಣ ಆ ಉಡುಪನ್ನು ಕಲ್ಪಿಸಿದವರಿಗೂ ಹೊಲಿದವರಿಗೂ ತಲುಪುತ್ತದೆಯೇ ಎಂಬುದರ ಮೇಲೆ ಅದರ ಸರಿತಪ್ಪು ನಿಂತಿದೆ. ಹೆಚ್ಚಿನವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ದರ, ಸುಂಕ, ಎಷ್ಟು ದಿನಕ್ಕೆ ಬರುತ್ತದೆ ಎಂಬುದರಲ್ಲೇ ಮಾತು ಮುಗಿಯುತ್ತದೆ.

ಬಟ್ಟೆಯ ವಿಷಯಕ್ಕೆ ಇಷ್ಟು ಗಂಭೀರ ಚರ್ಚೆ ಬೇಕೆ ಎಂದು ಕೇಳುವವರಿಗೆ ಬೇಕಪ್ ಎಂಬ ಊರಿನ ಸಂಗತಿ ಹೇಳಬೇಕು. ಇಂಗ್ಲೆಂಡಿನ ಲ್ಯಾಂಕಾಶೈರಿನ ಆ ಊರಿನ ಉದ್ಯಾನವೊಂದರಲ್ಲಿ 2007ರ ಆಗಸ್ಟಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಎಂಬ 20 ವರ್ಷದ ಯುವತಿಯನ್ನೂ ಆಕೆಯ ಗೆಳೆಯನನ್ನೂ ಹುಡುಗರ ಗುಂಪೊಂದು ಥಳಿಸಿತು. ಸೋಫಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವರಿಬ್ಬರ ಗಾಥಿಕ್ ಉಡುಪು ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ. ಆ ನಂತರ ಸೋಫಿಯ ತಾಯಿ ಮಗಳ ಹೆಸರಿನಲ್ಲಿ ಸಂಸ್ಥೆ ಕಟ್ಟಿ ವರ್ಷಗಟ್ಟಲೆ ಹೋರಾಡಿದರು. ಇಂಥ ಉಡುಪು ತೊಟ್ಟವರ ಮೇಲಿನ ದಾಳಿಯನ್ನು ದ್ವೇಷಾಪರಾಧವೆಂದು ದಾಖಲಿಸಲು ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು 2013ರಲ್ಲಿ ಮುಂದಾದರು. ಯಾವ ಬಟ್ಟೆಗಾಗಿ ಒಬ್ಬಳು ಪ್ರಾಣವನ್ನೇ ತೆತ್ತಳೋ ಅದನ್ನು ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಸಣ್ಣ ಊರಿನಲ್ಲಿ ತನ್ನಂತೆ ಇನ್ನೊಬ್ಬರಿಲ್ಲ ಎಂದು ಕುಗ್ಗಿರುವ ಹುಡುಗಿಗೋ ಹುಡುಗನಿಗೋ ದೂರದ ಅಂಗಡಿಯಿಂದ ಬಂದ ಒಂದು ಕಾಲರು, ಒಂದು ಜೋಡಿ ಬೂಟು ಕೊಡುವ ಧೈರ್ಯ ದೊಡ್ಡದು. ಊರಿನ ಪೇಟೆಯಲ್ಲಿ ಅದು ಸಿಗುವುದಿಲ್ಲ. ಹತ್ತು ಸಾವಿರ ಜನರಲ್ಲಿ ಒಬ್ಬರು ಮಾತ್ರ ಕೇಳುವ ಉಡುಪನ್ನು ಯಾವ ಅಂಗಡಿಯವನೂ ತಂದಿಡಲಾರ. ಜಗತ್ತಿನ ಮೂಲೆಮೂಲೆಯ ಆ ಒಬ್ಬೊಬ್ಬರನ್ನು ಒಟ್ಟು ಸೇರಿಸಿದರೆ ಮಾತ್ರ ಒಂದು ಅಂಗಡಿ ಬದುಕುತ್ತದೆ. ಸಮುದ್ರದಾಚೆಗೆ ಪಾರ್ಸೆಲ್ ಕಳಿಸುವುದು ಇಂಥ ಅಂಗಡಿಗೆ ಉಸಿರು.

ಈ ಉಡುಪುಗಳ ಹುಟ್ಟನ್ನು ನೋಡಿದರೆ ಇವುಗಳಲ್ಲಿ ಕೊಳ್ಳುವುದಕ್ಕೂ ಹೊಲಿಯುವುದಕ್ಕೂ ಎಷ್ಟು ನಂಟಿದೆ ಎಂಬುದು ತಿಳಿಯುತ್ತದೆ. ಲಂಡನ್ನಿನ ಕಿಂಗ್ಸ್ ರೋಡಿನ 430ನೇ ನಂಬರಿನ ಪುಟ್ಟ ಅಂಗಡಿಯಲ್ಲಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಂ ಮೆಕ್ಲಾರೆನ್ ಹರಿದ ಟಿ-ಶರ್ಟು, ಪಿನ್ನು, ಜಿಪ್ಪುಗಳಿಂದ ಪಂಕ್ ಉಡುಪನ್ನು ಕಟ್ಟಿದರು. ಅದನ್ನು ಕೊಳ್ಳಲಾಗದ ನೂರಾರು ಹುಡುಗರು ಮನೆಯಲ್ಲೇ ತಮ್ಮ ಬಟ್ಟೆ ಹರಿದು, ಪಿನ್ನು ಚುಚ್ಚಿ, ಬಣ್ಣ ಬಳಿದು ತೊಟ್ಟರು. ಜಪಾನಿನಲ್ಲಿ ಹಿತೋಮಿ ಒಕಾವಾ 1970ರಲ್ಲೇ ಟೋಕಿಯೋದ ಹರಾಜುಕುವಿನಲ್ಲಿ ‘ಮಿಲ್ಕ್’ ಅಂಗಡಿ ತೆರೆದಿದ್ದರು. ಮಾಲಿಸ್ ಮಿಜರ್ ವಾದ್ಯವೃಂದದ ಗಿಟಾರ್ ವಾದಕ ಮನಾ 1999ರಲ್ಲಿ ‘ಮ್ವಾ-ಮೆಮ್-ಮ್ವಾತಿಯೆ’ ಎಂಬ ತಮ್ಮದೇ ಉಡುಪಿನ ಹೆಸರು ಕಟ್ಟಿದರು. ಶೊಯಿಚಿ ಅವೊಕಿ ಹರಾಜುಕುವಿನ ಬೀದಿಗಳಲ್ಲಿ ಕಂಡ ಹುಡುಗ ಹುಡುಗಿಯರ ಫೋಟೊ ತೆಗೆದು 1997ರಿಂದ ‘ಫ್ರೂಟ್ಸ್’ ಪತ್ರಿಕೆ ನಡೆಸಿದರು. 2001ರಲ್ಲಿ ಆರಂಭವಾದ ‘ಗಾಥಿಕ್ ಆ್ಯಂಡ್ ಲೋಲಿಟಾ ಬೈಬಲ್’ ಪತ್ರಿಕೆಯ ಸಂಚಿಕೆಗಳಲ್ಲಿ ಅಂಗಡಿಗಳ ಜಾಹೀರಾತಿನ ಜೊತೆಗೆ ಹೊಲಿಗೆಯ ಕಟಿಂಗ್ ನಕ್ಷೆಗಳೂ ಇರುತ್ತಿದ್ದವು. ಕೊಳ್ಳುವ ಶಕ್ತಿ ಇಲ್ಲದವಳು ನಕ್ಷೆಯನ್ನು ಬಿಡಿಸಿ, ಕತ್ತರಿಸಿ, ಹೊಲಿದುಕೊಳ್ಳಲಿ ಎಂದು ಪತ್ರಿಕೆಯೇ ದಾರಿ ಮಾಡಿಕೊಟ್ಟಿತ್ತು. ಮೊಮೊಕೊಳ ಕಥೆಯೂ ಹೀಗೇ ಸಾಗುತ್ತದೆ. ಉಡುಪಿನ ಮೇಲೆ ಜೀವವಿಟ್ಟ ಹುಡುಗಿ ಕೊನೆಗೆ ಕಸೂತಿಯ ಕಲೆಗಾರಳಾಗುತ್ತಾಳೆ. ತಾನು ಆರಾಧಿಸುವ ಅಂಗಡಿಯಿಂದಲೇ ಅವಳಿಗೆ ಕೆಲಸದ ಕರೆ ಬರುತ್ತದೆ.

ತರಿಸಿಕೊಳ್ಳುವ ಕೆಲಸವೂ ಜನ ತಿಳಿದಷ್ಟು ಸುಲಭವಲ್ಲ. ಜಪಾನಿನ ಎಷ್ಟೋ ಅಂಗಡಿಗಳು ದೇಶದೊಳಗಿನ ವಿಳಾಸಕ್ಕಷ್ಟೇ ಕಳಿಸುತ್ತವೆ. ಆಗ ನಡುವೆ ಒಬ್ಬ ಏಜೆಂಟ್ ಬೇಕು. ಟೆನ್ಸೊ, ಬೈಯೀ, ಜೆನ್‌ಮಾರ್ಕೆಟ್ ಮೊದಲಾದ ಸೇವೆಗಳು ಕೊಳ್ಳುವವರ ಪರವಾಗಿ ಸರಕು ಪಡೆದು, ಮತ್ತೆ ಕಟ್ಟಿ, ಹೊರದೇಶಕ್ಕೆ ರವಾನಿಸುತ್ತವೆ. ಅಳತೆಯೆಲ್ಲ ಸೆಂಟಿಮೀಟರಿನಲ್ಲಿ. ಬೆನ್ನಿಗೆ ಎಲಾಸ್ಟಿಕ್ ದಾರದ ಸಾಲುಗಳಿದ್ದರೆ ಒಂದಿಷ್ಟು ಹಿಗ್ಗುತ್ತದೆ, ಇಲ್ಲದಿದ್ದರೆ ಇಲ್ಲ. ತನ್ನ ಎದೆ, ಸೊಂಟ, ಭುಜ, ತೋಳಿನ ಅಳತೆಯನ್ನು ಟೇಪಿನಿಂದ ತೆಗೆದು ಬರೆದಿಟ್ಟುಕೊಳ್ಳದೆ ಎಂ, ಎಲ್ ಎಂಬ ಅಕ್ಷರ ನಂಬಿ ತರಿಸಿದವರು ನಿರಾಶರಾಗುವುದು ಸಹಜ. ಇನ್ನು ಸಾಗಣೆಯ ದರ. ಖಾಸಗಿ ಕೊರಿಯರುಗಳು ತೂಕವನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ. ಹಾಗೆ ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ದುಡ್ಡು. ಉಬ್ಬಿದ ಲಂಗದ ಒಳಗೆ ತೊಡುವ ಜಾಲರಿಯ ಒಳಲಂಗ ಒಂದು ಕಿಲೋ ಕೂಡ ಇರುವುದಿಲ್ಲ. 40, 30, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಅದು ಲೆಕ್ಕದಲ್ಲಿ 4.8 ಕಿಲೋ ಆಗುತ್ತದೆ. ಜಪಾನ್ ಅಂಚೆಯ ಇಎಂಎಸ್ ಎಂಬ ತ್ವರಿತ ಸೇವೆ ನಿಜವಾದ ತೂಕಕ್ಕೆ ದರ ಕಟ್ಟುವುದರಿಂದ ಅನುಭವಸ್ಥರು ಅದನ್ನೇ ಹುಡುಕುತ್ತಾರೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅದೇ ಇಎಂಎಸ್ ಅನೇಕ ದೇಶಗಳಿಗೆ ನಿಂತುಹೋದಾಗ ಈ ಉಡುಪಿನವರ ಸಂಪರ್ಕವೇ ಕಡಿದಂತಾಗಿತ್ತು.

ಇಷ್ಟೆಲ್ಲ ಮಾಡಿ ತರಿಸಿದ ಮೂಲ ಉಡುಪಿನ ಬೆಲೆ ಸಣ್ಣದಲ್ಲ. ಹೆಸರಾದ ಜಪಾನಿ ಅಂಗಡಿಯ ಒಂದು ಹೊಸ ನಿಲುವಂಗಿ 30 ಸಾವಿರ ಯೆನ್ ಆಸುಪಾಸಿನಲ್ಲಿರುತ್ತದೆ. ಸಾಗಣೆ, ಸುಂಕ ಬೇರೆ. ಈ ಬೆಲೆ ಎಲ್ಲಿಂದ ಬರುತ್ತದೆ? ಬಟ್ಟೆಯ ಮೇಲಿನ ಚಿತ್ರವನ್ನು, ಅಂದರೆ ಕೇಕು, ಮೇಣದ ಬತ್ತಿ, ಚರ್ಚಿನ ಕಿಟಕಿ, ಗುಲಾಬಿ ತೋಟದ ವಿನ್ಯಾಸವನ್ನು ಒಬ್ಬ ಕಲಾವಿದೆ ಕೂತು ಬರೆಯುತ್ತಾಳೆ. ಅದನ್ನು ಆ ಒಂದೇ ಉಡುಪಿಗಾಗಿ ಬಟ್ಟೆಯ ಮೇಲೆ ಅಚ್ಚು ಹಾಕಿಸಲಾಗುತ್ತದೆ. ಚಿತ್ರದ ಅಂಚು ಲಂಗದ ಅಂಚಿಗೆ ಸರಿಯಾಗಿ ಕೂರುವಂತೆ ಕತ್ತರಿಸಬೇಕು, ಲೇಸು ಕೂಡಿಸಬೇಕು, ನೆರಿಗೆ ಹಿಡಿಯಬೇಕು. ಹೊಲಿಯುವುದು ಲಕ್ಷಗಟ್ಟಲೆ ಅಲ್ಲ, ಕೊಳ್ಳುವವರು ಕೆಲವೇ ಮಂದಿ ಇರುವುದರಿಂದ ಕೆಲವೇ ಉಡುಪು. ಎಷ್ಟೋ ಸಲ ಮುಂಗಡ ಪಡೆದು, ಎಷ್ಟು ಜನ ಕೇಳಿದರೋ ಅಷ್ಟನ್ನೇ ಹೊಲಿಯುತ್ತಾರೆ. ತಿಂಗಳುಗಟ್ಟಲೆ ಕಾದು ಪಡೆಯಬೇಕು. ಮಾರಾಟವಾಗದೆ ಉಳಿದು ಕಸದ ಗುಡ್ಡ ಸೇರುವ ಬಟ್ಟೆ ಹೀಗೆ ಹೊಲಿದಾಗ ಹುಟ್ಟುವುದು ಕಡಿಮೆ. ಪರಿಸರದ ಬಗ್ಗೆ ಕಾಳಜಿ ಇರುವವರು ಈ ವ್ಯವಸ್ಥೆಯನ್ನು ಮೆಚ್ಚಬೇಕು.

ನಕಲು ಮಾಡುವವನು ಈ ಸರಪಳಿಯ ಮೊದಲ ಕೊಂಡಿಯನ್ನೇ ಕಿತ್ತು ಬಿಸಾಡುತ್ತಾನೆ. ಕಲಾವಿದೆಯ ಚಿತ್ರವನ್ನು ಸ್ಕ್ಯಾನ್ ಮಾಡಿ, ಅಗ್ಗದ ಪಾಲಿಯೆಸ್ಟರಿನ ಮೇಲೆ ಅಚ್ಚು ಹಾಕಿ, ಮೂಲ ಅಂಗಡಿಯ ಫೋಟೊವನ್ನೇ ತನ್ನ ಜಾಲತಾಣಕ್ಕೆ ಅಂಟಿಸಿ, ಬೆಲೆಯನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸುತ್ತಾನೆ. ಕಾನೂನು ಇದನ್ನು ಪೂರ್ತಿ ತಡೆಯಲಾರದು. ಜಪಾನಿನ ಅನುಚಿತ ಸ್ಪರ್ಧೆ ತಡೆ ಕಾಯ್ದೆ ಒಂದು ವಸ್ತುವಿನ ಆಕಾರವನ್ನು ಮೊದಲ ಮಾರಾಟದಿಂದ 3 ವರ್ಷ ಕಾಪಾಡುತ್ತದೆ, ಆದರೆ ಅದು ಜಪಾನಿನೊಳಗೆ. ಅಮೆರಿಕದಲ್ಲಿ ಉಡುಪಿನ ಕಟಿಂಗ್‌ಗೆ ಕೃತಿಸ್ವಾಮ್ಯವಿಲ್ಲ. ಅದರ ಮೇಲಿನ ಚಿತ್ರವಿನ್ಯಾಸಕ್ಕೆ ಇರಬಹುದು ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಕ್ರೀಡಾ ಪ್ರೋತ್ಸಾಹಕಿಯರ ಸಮವಸ್ತ್ರದ ಮೊಕದ್ದಮೆಯಲ್ಲಿ ಹೇಳಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮು ಇನ್ನೂ ಕಠಿಣ. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಯಂತ್ರದ ಮೂಲಕ 50ಕ್ಕಿಂತ ಹೆಚ್ಚು ಬಾರಿ ವಸ್ತುಗಳಿಗೆ ಅಳವಡಿಸಿದ ಕೂಡಲೇ ಅದರ ಕೃತಿಸ್ವಾಮ್ಯ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಒಬ್ಬಳು ಇಂಥ ಉಡುಪಿನ ಪುಟ್ಟ ಅಂಗಡಿ ಆರಂಭಿಸಿದರೆ ಮೊದಲು ಮಾಡಬೇಕಾದ ಕೆಲಸ ನೋಂದಣಿ. ಇದನ್ನು ಅವಳಿಗೆ ಹೇಳುವವರು ಕಡಿಮೆ.

ನಕಲನ್ನು ಸಮರ್ಥಿಸುವವರ ವಾದವೂ ಹುರುಳಿಲ್ಲದ್ದಲ್ಲ, ಅದಕ್ಕೆ ಸರಿಯಾಗಿಯೇ ಉತ್ತರ ಕೊಡಬೇಕು. ಮೂವತ್ತು ಸಾವಿರ ಯೆನ್ ನನ್ನಲ್ಲಿಲ್ಲ, ನಾನು ನಕಲು ಕೊಂಡರೆ ಮೂಲ ಅಂಗಡಿಗೆ ಆಗುವ ನಷ್ಟವೇನು, ನಾನು ಹೇಗೂ ಅವರ ಗಿರಾಕಿಯಾಗುತ್ತಿರಲಿಲ್ಲ ಎನ್ನುತ್ತಾಳೆ ಕಾಲೇಜು ಹುಡುಗಿ. ಜಪಾನಿ ಅಂಗಡಿಗಳು ತಮ್ಮ ಊರಿನ ತೆಳ್ಳನೆಯ ಮೈಗೆ ಹೊಲಿಯುತ್ತವೆ, ನನ್ನ ಮೈಗೆ ಹೊಂದುವುದು ನಕಲು ಮಾತ್ರ ಎನ್ನುತ್ತಾಳೆ ಇನ್ನೊಬ್ಬಳು. ‘ಶಿಮೊತ್ಸುಮಾ ಮೊನೊಗತಾರಿ’ಯಲ್ಲೇ ಈ ಸಂಗತಿಗೆ ಜಾಗವಿದೆ. ಮೊಮೊಕೊಳ ತಂದೆ ನಕಲಿ ವರ್ಸಾಚೆ ಮಾರುತ್ತಿದ್ದವನು. ಉಳಿದ ಆ ಮಾಲನ್ನು ಕೊಳ್ಳಲು ಬಂದ ಬೈಕ್ ಗ್ಯಾಂಗಿನ ಇಚಿಗೊ ಅವಳ ಜೀವದ ಗೆಳತಿಯಾಗುತ್ತಾಳೆ. ನಕಲು ತೊಟ್ಟವರು ಕೆಟ್ಟವರಲ್ಲ, ಅವರ ಹಂಬಲವೂ ಸುಳ್ಳಲ್ಲ ಎಂಬುದನ್ನು ಕತೆಗಾರ ಬಲ್ಲ. ನನಗೂ ಅದೇ ಅನ್ನಿಸುತ್ತದೆ. ಬೀದಿಯಲ್ಲಿ ನಕಲು ತೊಟ್ಟು ಬಂದ ಹುಡುಗಿಯನ್ನು ಹೀಗಳೆಯುವುದು ಈ ಉಡುಪಿನವರಲ್ಲಿ ಕೆಲವರಿಗೆ ಇರುವ ಕೆಟ್ಟ ಚಾಳಿ. ಸೋಫಿಯಂಥವರು ಅನುಭವಿಸಿದ ತಿರಸ್ಕಾರದ ನೋವು ಬಲ್ಲವರು ಇನ್ನೊಬ್ಬಳನ್ನು ತಿರಸ್ಕರಿಸಬಾರದು.

ಆದರೂ ನಕಲಿನ ಪರವಾದ ಆ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ. ಒಬ್ಬಳು ಕೊಂಡರೆ ನಷ್ಟವಿಲ್ಲ ಎಂಬುದು ಆ ಒಬ್ಬಳ ಮಟ್ಟಿಗೆ ನಿಜ. ನಕಲಿನ ಅಂಗಡಿ ನಿಲ್ಲುವುದು ಅಂಥ ಸಾವಿರ ಜನರಿಂದ. ಅವರಲ್ಲಿ ಎಷ್ಟೋ ಮಂದಿ ಒಂದು ವರ್ಷ ಉಳಿತಾಯ ಮಾಡಿದ್ದರೆ ಮೂಲವನ್ನೇ ಕೊಳ್ಳಬಲ್ಲವರು. ಕೊಳ್ಳುವವರೇ ಬೆರಳೆಣಿಕೆಯಷ್ಟಿರುವ ಉಡುಪಿನಲ್ಲಿ ಐವತ್ತು ಗಿರಾಕಿ ಸರಿದುಹೋದರೂ ಮುಂದಿನ ಚಿತ್ರ ಬರೆಸಲು ಹಣವಿರುವುದಿಲ್ಲ. ಇದೇ ಬಗೆಯ ಉಡುಪುಗಳ ‘ಕೆರಾ’ ಪತ್ರಿಕೆಯ ಮುದ್ರಣ 2017ರಲ್ಲಿ ನಿಂತಿತು, ‘ಫ್ರೂಟ್ಸ್’ ಕೂಡ ಅದೇ ವರ್ಷ, ‘ಗಾಥಿಕ್ ಆ್ಯಂಡ್ ಲೋಲಿಟಾ ಬೈಬಲ್’ ಸಹ ಅದೇ ವರ್ಷ. ಇದಕ್ಕೆಲ್ಲ ನಕಲೇ ಕಾರಣವೆಂದು ಹೇಳಲಾಗದು. ಮುದ್ರಣ ಲೋಕದ ಕಷ್ಟ ಬೇರೆಯೇ ಇತ್ತು. ಈ ಲೋಕ ಎಷ್ಟು ಸಣ್ಣದು, ಎಷ್ಟು ಬೇಗ ಕುಸಿಯಬಲ್ಲದು ಎಂಬುದು ಮಾತ್ರ ಅದರಿಂದ ತಿಳಿಯುತ್ತದೆ. ಮೈಯಳತೆಯ ಪ್ರಶ್ನೆಗೆ ಚೀನಾದ ಸ್ವತಂತ್ರ ವಿನ್ಯಾಸಕಾರರು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಟಾವೊಬಾವೊ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟಿರುವ ಎಷ್ಟೋ ಸಣ್ಣ ಸಂಸ್ಥೆಗಳು ತಮ್ಮದೇ ಚಿತ್ರ ಬರೆಸಿ, ಗಿರಾಕಿಯ ಅಳತೆ ಕೇಳಿ, ಮುಂಗಡ ಪಡೆದು ಹೊಲಿದುಕೊಡುತ್ತವೆ, ಅದೂ ಜಪಾನಿ ಉಡುಪಿಗಿಂತ ಕಡಿಮೆ ಬೆಲೆಗೆ. ಚೀನಾದಿಂದ ಬಂದದ್ದೆಲ್ಲ ನಕಲು ಎನ್ನುವವರು ಇವರಿಗೆ ಅನ್ಯಾಯ ಮಾಡುತ್ತಾರೆ. ನಕಲುಗಾರರಿಂದ ಹೆಚ್ಚು ಪೆಟ್ಟು ತಿನ್ನುವವರೂ ಇವರೇ. ಚೀನಾದ ಲೋಲಿಟಾ ಧರಿಸುವ ಹುಡುಗಿಯರಲ್ಲೇ ನಕಲಿನ ವಿರುದ್ಧ ಎಲ್ಲರಿಗಿಂತ ಗಟ್ಟಿ ದನಿ ಕೇಳಿಸುತ್ತದೆ.

ಬಳಸಿದ ಉಡುಪು ಇನ್ನೊಂದು ದಾರಿ. ಟೋಕಿಯೋದ ‘ಕ್ಲೋಸೆಟ್ ಚೈಲ್ಡ್’ನಂಥ ಅಂಗಡಿಗಳು ಹಳೆಯ ಲೋಲಿಟಾ ಉಡುಪುಗಳನ್ನು ಕೊಂಡು, ಎಲ್ಲಿ ಕಲೆ, ಎಲ್ಲಿ ಲೇಸು ಬಿಟ್ಟಿದೆ ಎಂದು ಬರೆದು, ಕಡಿಮೆ ಬೆಲೆಗೆ ಮಾರುತ್ತವೆ. ಯುರೋಪು, ಅಮೆರಿಕದ ಹುಡುಗಿಯರಿಗೆ ಇದು ವರ. ನಮ್ಮ ದೇಶ ಬಳಸಿದ ಬಟ್ಟೆಯ ಆಮದನ್ನು ನಿರ್ಬಂಧಿತ ಪಟ್ಟಿಯಲ್ಲಿಟ್ಟಿರುವುದರಿಂದ ಇಲ್ಲಿಯವರಿಗೆ ಆ ದಾರಿ ಅಷ್ಟು ನೇರವಾಗಿಲ್ಲ.

ಒಂದೊಂದು ಉಡುಪನ್ನು ನಕಲು ಮಾಡುವವರಿಗಿಂತ ದೊಡ್ಡ ಅಪಾಯ ಮಿಂಚಿನ ವೇಗದ ಬೃಹತ್ ಮಾರಾಟಗಾರರಿಂದ ಬಂದಿದೆ. ಶೀಇನ್‌ನಂಥ ಕಂಪನಿ ದಿನಕ್ಕೆ ಸಾವಿರಾರು ಹೊಸ ಮಾದರಿ ಹಾಕುತ್ತದೆ. ಗಾಥಿಕ್, ಪಂಕ್ ಎಂಬುವೂ ಅಲ್ಲಿ ಒಂದು ವಾರದ ಸರಕು. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ 2021ರಲ್ಲಿ ಗುವಾಂಗ್‌ಝೌನ ಪೂರೈಕೆದಾರರ ಕಾರ್ಖಾನೆಗಳಲ್ಲಿ ವಿಚಾರಿಸಿದಾಗ ವಾರಕ್ಕೆ 75 ಗಂಟೆ ದುಡಿಯುವ ಕಾರ್ಮಿಕರು ಸಿಕ್ಕರು. ಸುಳ್ಳು ರಿಯಾಯಿತಿ ತೋರಿಸಿದ್ದಕ್ಕೆ ಫ್ರಾನ್ಸ್ 2025ರ ಜುಲೈಯಲ್ಲಿ ಆ ಕಂಪನಿಗೆ 4 ಕೋಟಿ ಯೂರೊ ದಂಡ ಹಾಕಿತು. ಎಲ್ಲರಂತೆ ಆಗಲಾರೆ ಎಂದು ತೊಡುವ ಬಟ್ಟೆಯನ್ನು ಇಂಥ ಕಡೆಯಿಂದ ಕೊಳ್ಳುವುದು ಆ ಉಡುಪಿನ ಆತ್ಮವನ್ನೇ ಮಾರಿದಂತೆ. ಹೊಲಿದವಳ ಬೆನ್ನು ಬಾಗಿಸಿದ ಬಟ್ಟೆ ಯಾರಿಗೂ ಬಿಡುಗಡೆ ಕೊಡಲಾರದು.

ಸರ್ಕಾರಗಳು ಈ ಅಗ್ಗದ ಪಾರ್ಸೆಲ್‌ಗಳ ಪ್ರವಾಹಕ್ಕೆ ಕಟ್ಟೆ ಕಟ್ಟಲು ಹೊರಟಿವೆ. ಅಮೆರಿಕ 2016ರಿಂದ 800 ಡಾಲರಿನವರೆಗಿನ ಪಾರ್ಸೆಲ್ಲನ್ನು ಸುಂಕವಿಲ್ಲದೆ ಬಿಡುತ್ತಿತ್ತು. 2024ರ ಆರ್ಥಿಕ ವರ್ಷದಲ್ಲಿ ಅಂಥ ಪಾರ್ಸೆಲ್‌ಗಳು ನೂರಮೂವತ್ತು ಕೋಟಿ ದಾಟಿದವು. ಮೊದಲು 2025ರ ಮೇ ತಿಂಗಳಲ್ಲಿ ಚೀನಾ ಮತ್ತು ಹಾಂಕಾಂಗ್‌ಗೆ, ಆಮೇಲೆ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೆ ಆ ವಿನಾಯಿತಿ ರದ್ದಾಯಿತು. ಯುರೋಪ್ ಒಕ್ಕೂಟ 2021ರ ಜುಲೈ 1ರಂದು 22 ಯೂರೊವರೆಗಿನ ತೆರಿಗೆ ವಿನಾಯಿತಿಯನ್ನು ತೆಗೆದಿತ್ತು. ಸಣ್ಣ ಪಾರ್ಸೆಲ್ಲಿನ ಸರಕಿನ ಮೇಲೆ 3 ಯೂರೊ ಸುಂಕ ಹಾಕಲು 2025ರ ಡಿಸೆಂಬರಿನಲ್ಲಿ ಅದರ ಸದಸ್ಯ ದೇಶಗಳು ಒಪ್ಪಿದವು. ಉದ್ದೇಶ ಸರಿಯೇ. ಪೆಟ್ಟು ಬಿದ್ದದ್ದು ಯಾರಿಗೆ ಎಂದು ನೋಡಬೇಕು. ದೈತ್ಯ ಕಂಪನಿ ಅಮೆರಿಕದೊಳಗೇ ಗೋದಾಮು ಕಟ್ಟಿಕೊಳ್ಳಬಲ್ಲದು, ಹಡಗಿನ ತುಂಬ ಸರಕು ತರಿಸಿ ಸುಂಕವನ್ನು ಲಕ್ಷ ಉಡುಪುಗಳ ಮೇಲೆ ಹರಡಬಲ್ಲದು. ಮೂರು ಜನ ಕೂತು ಹೊಲಿಯುವ ಅಂಗಡಿಗೆ ಪ್ರತಿ ಪಾರ್ಸೆಲ್ಲಿನ ಕಾಗದಪತ್ರವೇ ಹೊರಲಾರದ ಹೊರೆ. 2025ರ ಆಗಸ್ಟಿನಲ್ಲಿ ಹೊಸ ನಿಯಮದ ಗೊಂದಲದಿಂದ ಜಪಾನ್ ಅಂಚೆಯೂ ನಮ್ಮ ಭಾರತೀಯ ಅಂಚೆಯೂ ಅಮೆರಿಕಕ್ಕೆ ಬಹುಪಾಲು ಸರಕಿನ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿದವು. ದೊಡ್ಡ ಮೀನಿಗೆಂದು ಬೀಸಿದ ಬಲೆಗೆ ಮರಿಗಳೇ ಸಿಕ್ಕಿಬಿದ್ದವು.

ನಮ್ಮಲ್ಲಿ ಅಂಥ ವಿನಾಯಿತಿಯ ಬಾಗಿಲು ಮೊದಲೇ ಮುಚ್ಚಿತ್ತು. ಉಡುಗೊರೆ ಎಂದು ಬರೆಸಿ ತರಿಸುವ ಉಪಾಯವನ್ನು 2019ರ ಡಿಸೆಂಬರಿನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನಿಷೇಧಿಸಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಈಗಲೂ ಕೆಲವರು ಅಂಗಡಿಯವರಿಗೆ ಉಡುಗೊರೆ ಎಂದು ಬರೆಯಿರಿ, ಬೆಲೆ ಕಡಿಮೆ ತೋರಿಸಿ ಎಂದು ಕೇಳುತ್ತಾರೆ. ಕೇಳಬಾರದು. ಸಿಕ್ಕಿಬಿದ್ದರೆ ಪಾರ್ಸೆಲ್ ಮುಟ್ಟುಗೋಲಾಗಬಹುದು, ದಾರಿಯಲ್ಲಿ ಕಳೆದರೆ ಪರಿಹಾರವೂ ಆ ಸುಳ್ಳು ಬೆಲೆಗೇ, ಸುಳ್ಳು ಬರೆದ ಆ ಸಣ್ಣ ಅಂಗಡಿಯವರೂ ಕಾನೂನಿಗೆ ಸಿಲುಕಬಹುದು. ಸುಂಕದ ಲೆಕ್ಕ ಬಟ್ಟೆಯ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಒಟ್ಟು ಮೊತ್ತಕ್ಕೆ ಬೀಳುತ್ತದೆ, ಅದರ ಮೇಲೆ ಜಿಎಸ್‌ಟಿ. ಇದನ್ನು ಮೊದಲೇ ಕೂಡಿಸಿ ನೋಡಿದವರು ಅಂಚೆಯಣ್ಣನೊಂದಿಗೆ ಜಗಳವಾಡುವುದಿಲ್ಲ. ಇನ್ನು ಶೀಇನ್ ವಿಷಯದಲ್ಲಿ ನಮ್ಮ ಸರ್ಕಾರ 2020ರ ಜೂನ್ 29ರಂದು ಅದೂ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಕೊಟ್ಟ ಕಾರಣ ದೇಶದ ಭದ್ರತೆ, ಸಾರ್ವಭೌಮತೆ. 2025ರಲ್ಲಿ ಆ ಹೆಸರು ರಿಲಯನ್ಸ್ ಮೂಲಕ, ಇಲ್ಲೇ ತಯಾರಾದ ಉಡುಪು ಮಾರುವ ಒಪ್ಪಂದದಲ್ಲಿ ಮರಳಿತು. ವಿನ್ಯಾಸ ಯಾರದು, ಹೊಲಿದವರಿಗೆ ಸಿಕ್ಕಿದ್ದೆಷ್ಟು ಎಂಬ ಮಾತು ಹೋದಾಗಲೂ ಬಂದಾಗಲೂ ಚರ್ಚೆಯ ನಡುವಿಗೆ ಬರಲಿಲ್ಲ.

ಸ್ವದೇಶಿಯ ಹೆಸರಿನಲ್ಲಿ ಎತ್ತುವ ಆಕ್ಷೇಪವನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಹೆಗ್ಗೋಡಿನ ಬಳಿ ಭೀಮನಕೋಣೆಯ ‘ಚರಕ’ದಲ್ಲಿ ಹೆಣ್ಣುಮಕ್ಕಳು ನೇಯ್ದು ಬಣ್ಣ ಹಾಕಿದ ಬಟ್ಟೆ ಇರುವಾಗ ಜಪಾನಿನ ಲೇಸು ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಅದೇ ಚರಕದ ಪ್ರಸನ್ನ ಅವರು 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸ ಕೂತದ್ದು ಕೈಯಿಂದ ತಯಾರಾದ ವಸ್ತುಗಳಿಗೆ ತೆರಿಗೆ ಇರಬಾರದು ಎಂದು. ಕೈಕೆಲಸಕ್ಕೂ ಯಂತ್ರದ ರಾಶಿಗೂ ಒಂದೇ ತಕ್ಕಡಿ ಹಿಡಿಯಬೇಡಿ ಎಂಬ ಆ ಬೇಡಿಕೆಯ ತಿರುಳು ಕಡಲಾಚೆಯ ಸಣ್ಣ ಅಂಗಡಿಗೂ ಅನ್ವಯಿಸುತ್ತದೆ. ಭೀಮನಕೋಣೆಯ ನೇಕಾರಳೂ ಟೋಕಿಯೋದ ಹೊಲಿಗೆಯವಳೂ ಎದುರಾಳಿಗಳಲ್ಲ, ಅಗ್ಗದ ರಾಶಿ ಸುರಿಯುವ ದೈತ್ಯ ಮಾರಾಟಗಾರನೊಬ್ಬನೇ ಇಬ್ಬರಿಗೂ ಎದುರಾಳಿ. ಗೋದಾವರಿ ಮುಖಜ ಭೂಮಿಯ ನರಸಾಪುರವನ್ನು ಇಲ್ಲಿ ನೆನೆಯುವುದು ಅಗತ್ಯ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶ ಲೇಸನ್ನು ಅಲ್ಲಿಯ ಹೆಂಗಸರು ತಲೆಮಾರುಗಳಿಂದ ಹೆಣೆದು ಹೊರದೇಶಗಳಿಗೆ ಕಳಿಸುತ್ತ ಬಂದಿದ್ದಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಈ ಹೆಂಗಸರ ಕುರಿತು 1982ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಮುಖ್ಯವಾದದ್ದು. ಮನೆಯೊಳಗೆ ಕೂತು ಹೆಣೆಯುತ್ತಾರೆ ಎಂಬ ಕಾರಣಕ್ಕೆ ಅವರನ್ನು ದುಡಿಯುವವರೆಂದೇ ಲೆಕ್ಕ ಹಿಡಿಯದೆ, ಬಿಡುವಿನ ಕೆಲಸವೆಂದು ಕರೆದು, ತುಂಡಿನ ಲೆಕ್ಕದಲ್ಲಿ ಪುಡಿಗಾಸು ಕೊಟ್ಟು, ರಫ್ತಿನ ಲಾಭವನ್ನು ವ್ಯಾಪಾರಿಗಳು ಪಡೆದದ್ದನ್ನು ಮೀಸ್ ತೋರಿಸಿಕೊಟ್ಟರು. ಲೇಸು ತೊಡುವವರು ಯಾವ ದೇಶದವರಾದರೂ ಅದನ್ನು ಹೆಣೆದವರ ಲೆಕ್ಕ ಕೇಳಬೇಕಾದದ್ದು ಈ ಕಾರಣಕ್ಕೆ. ಪಾರ್ಸೆಲ್ ಜಪಾನಿನಿಂದ ನಮ್ಮತ್ತ ಬರಲಿ, ನರಸಾಪುರದಿಂದ ಹೊರಕ್ಕೆ ಹೋಗಲಿ, ಕೇಳಬೇಕಾದ ಪ್ರಶ್ನೆ ಒಂದೇ.

ನಮ್ಮ ಊರಿನ ಟೈಲರುಗಳ ಮಾತನ್ನೂ ಹೇಳಬೇಕು. ರವಿಕೆಯ ತೋಳಿಗೆ ಉಬ್ಬು ಕೊಡಬಲ್ಲ, ಲಂಗಕ್ಕೆ ನೆರಿಗೆ ಹಿಡಿಯಬಲ್ಲ ಕೈ ಬೀದಿಬೀದಿಯಲ್ಲಿದೆ. ನಕ್ಷೆ ಕೊಟ್ಟು, ಬಟ್ಟೆ ಕೊಟ್ಟು, ಎರಡು ಸಲ ತೊಟ್ಟು ನೋಡಿ ಹೊಲಿಸಿಕೊಂಡರೆ ಲೋಲಿಟಾ ನಿಲುವಂಗಿಯೂ ಗಾಥಿಕ್ ಕೋಟೂ ಇಲ್ಲೇ ತಯಾರಾಗುತ್ತವೆ. ಇಳಕಲ್ಲಿನ ಕಪ್ಪು ಕೆಂಪಿಗಿಂತ ಒಳ್ಳೆಯ ಗಾಥಿಕ್ ಬಣ್ಣ ಯಾವುದಿದೆ? ಇನ್ನೊಬ್ಬರ ಚಿತ್ರವನ್ನು ಕದಿಯದೆ, ಕಟಿಂಗ್ ಕಲಿತು, ತನ್ನ ನೆಲದ ಬಟ್ಟೆಯಲ್ಲಿ ಹೊಲಿಸಿಕೊಂಡದ್ದು ನಕಲಾಗುವುದಿಲ್ಲ. ಹೆವಿ ಮೆಟಲ್ ವಾದ್ಯವೃಂದ ಐರನ್ ಮೇಡನ್ 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ ಕಾಲದಿಂದ ನೋಡಿದರೂ ನಮ್ಮಲ್ಲಿ ಕಪ್ಪು ಟಿ-ಶರ್ಟಿನ ತಲೆಮಾರೊಂದು ಬೆಳೆದು ಇಂದು ನಡುವಯಸ್ಸಿಗೆ ಬಂದಿದೆ. ಸಂಪಾದನೆ ಇರುವ ಆ ತಲೆಮಾರಾದರೂ ರಸ್ತೆಬದಿಯ ಅನುಮತಿಯಿಲ್ಲದ ಅಚ್ಚನ್ನು ಬಿಟ್ಟು ವಾದ್ಯವೃಂದದ ಅಧಿಕೃತ ಅಂಗಡಿಯಿಂದಲೇ ಕೊಳ್ಳಬಹುದು.

ಮನೆಯ ಹಿರಿಯರಲ್ಲಿ ಒಂದು ಬೇಡಿಕೆ. ಮಗಳು ವರ್ಷವಿಡೀ ಕೂಡಿಟ್ಟ ಹಣದಲ್ಲಿ ಒಂದು ನಿಲುವಂಗಿ ತರಿಸುತ್ತೇನೆ ಎಂದರೆ ಗದರಬೇಡಿ. ಅಳತೆ ತೆಗೆಯಲು ಟೇಪು ಹಿಡಿದುಕೊಡಿ, ಅಂಗಡಿ ಯಾರದು, ಚಿತ್ರ ಬರೆದವರ ಹೆಸರು ಅಲ್ಲಿದೆಯೇ, ಸುಂಕ ಎಷ್ಟಾಗುತ್ತದೆ ಎಂದು ಜೊತೆಗೆ ಕೂತು ನೋಡಿ. ಹಣ ಸಾಲದಿದ್ದರೆ ಹೊಲಿಗೆ ಯಂತ್ರದ ಮುಂದೆ ಕೂರಿಸಿ. ನಕಲಿನ ಅಂಗಡಿಗೆ ಮಾತ್ರ ಒಂದು ರೂಪಾಯಿಯೂ ಹೋಗದಿರಲಿ.